ಕಪ್ಪು ನೆಲ ಗಟ್ಟಿ ಎಂದಿದ್ದೆ

ಅರಬರ ನಾಡಿನ ಬುರೈದಾದಿಂದ ತೆಂಕಿಗೆ ಬಂದು, ಉನೈಝಾ ಪೇಟೆ ದಾಟಿ ಮೂಡಣಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲಿ ಖರ್ಜೂರದ ತೋಟಗಳು ಹಿಂದೆ ಉಳಿಯುತ್ತವೆ. ಆಮೇಲೆ ಮರಳಿನ ದಿಬ್ಬಗಳು. ದಿಬ್ಬಗಳ ನಡುವೆ ರಸ್ತೆ ನಿಧಾನವಾಗಿ ಇಳಿಯುತ್ತದೆ. ಇಳಿದಲ್ಲಿ ಆ ಉಪ್ಪಿನ ಸರೋವರ. ಸರೋವರ ಎಂದರೆ ನೀರು ಇರುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಮೊದಲ ಸಲ ನೋಡಿದ್ದು ಕಡು ಬೇಸಿಗೆಯಲ್ಲಿ. ಒಂದು ತೊಟ್ಟು ನೀರಿರಲಿಲ್ಲ. ಕಣ್ಣು ಹೋಗುವವರೆಗೂ ಬಿಳಿ ನೆಲ, ಅದರಾಚೆ ಬಿಸಿಲಿಗೆ ನಡುಗುವ ಒಂದು ಗೆರೆ, ಆ ಗೆರೆಯ ಮೇಲೆ ತೇಲಿದಂತೆ ಕಾಣುವ ದಿಬ್ಬಗಳು. ಅರಬರು ಇಂಥ ನೆಲವನ್ನು ಸಬ್ಖ ಎನ್ನುತ್ತಾರೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನೆಲ, ನೀರಿನ ಬಗ್ಗೆ ಪುಸ್ತಕದಲ್ಲಿ ಏನಿದೆ ಎಂದು ನನಗೆ ತಿಳಿಯದು. ಆದರೆ ಈ ಸರೋವರದ ಸುತ್ತ ಎಷ್ಟೋ ವರ್ಷ ಗಾಡಿ ಓಡಿಸಿದ್ದೇನೆ. ಅದು ಹೇಗಿದೆ ಎಂದು ಹೇಳಬಲ್ಲೆ. ಅದನ್ನು ಹೇಳಬೇಕಾದವನಿಗೆ, ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅದೊಂದು ದೊಡ್ಡ ತಟ್ಟೆಯ ಹಾಗಿದೆ. ಸುತ್ತಲಿನ ನೀರೆಲ್ಲ ಒಳಗೆ ಹರಿದು ಬರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಅಂಚಿನಲ್ಲಿ ಕಂದು ಮಣ್ಣು, ಅಲ್ಲಲ್ಲಿ ಉಪ್ಪು ತಿಂದೇ ಬದುಕುವ ಕುರುಚಲು ಗಿಡ. ಆ ಮಣ್ಣು ಉಬ್ಬಿಕೊಂಡಿರುತ್ತದೆ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಇನ್ನೂ ಒಳಗೆ ಹೋದರೆ ಉಪ್ಪಿನ ಹಲಗೆಗಳು. ನೆಲವೆಲ್ಲ ಒಡೆದು ತುಂಡುತುಂಡಾಗಿ, ಒಂದೊಂದು ತುಂಡಿನ ಅಂಚೂ ಕಾವಲಿಯ ಮೇಲಿನ ದೋಸೆಯಂತೆ ಮೇಲೆದ್ದಿರುತ್ತದೆ. ಆ ಅಂಚು ಗಾಜಿನಷ್ಟು ಹರಿತ. ಅದರಿಂದಾಚೆಗೆ ನಯವಾದ ಬಿಳಿ. ಒಂದು ಬದಿಯಲ್ಲಿ ಉಪ್ಪು ತೆಗೆಯುವವರು ಹೊಂಡ ತೋಡಿ ಬಿಟ್ಟಿದ್ದಾರೆ. ಅಡಿಯಿಂದ ಉಪ್ಪುನೀರು ತಾನಾಗಿ ಮೇಲೆ ಬರುತ್ತದೆ, ಬಿಸಿಲಿಗೆ ಒಣಗುತ್ತದೆ, ಅವರು ಗುಡ್ಡೆ ಹಾಕುತ್ತಾರೆ. ಅಂದರೆ ಬೇಸಿಗೆಯಲ್ಲೂ ನೀರು ಇದೆ, ಕಾಲಿನ ಅಡಿಯಲ್ಲಿ ಇದೆ. ನಾವು ನಡೆಯುವುದು ಅದರ ಮುಚ್ಚಳದ ಮೇಲೆ.

ಚಳಿಗಾಲದಲ್ಲಿ ಮಳೆ ಬಂದರೆ ಮುಚ್ಚಳ ಕರಗುತ್ತದೆ. ಹರದಾರಿಗಟ್ಟಲೆ ನೀರು, ಆದರೆ ಪಾದ ಮುಳುಗುವಷ್ಟೇ ಆಳ. ಗಾಳಿ ಬಂದ ಕಡೆಯಿಂದ ಆ ನೀರು ಎದುರು ದಡಕ್ಕೆ ಸರಿದುಹೋಗುತ್ತದೆ. ಬೆಳಿಗ್ಗೆ ನೀರಿದ್ದಲ್ಲಿ ಸಂಜೆ ಬರೀ ಒದ್ದೆ ನೆಲ. ಕೆಲವು ವಾರಗಳಲ್ಲಿ ನೀರು ಆರಿ ಹೊಸ ಉಪ್ಪು ಕಟ್ಟುತ್ತದೆ. ಮೋಸ ಇರುವುದು ಆಗಲೇ. ದೂರದಿಂದ ನೋಡಿದರೆ ಬೇಸಿಗೆಯ ನೆಲದ ಹಾಗೇ ಇರುತ್ತದೆ. ಮುಟ್ಟಿದರೆ ಹಾಲಿನ ಕೆನೆ. ಆ ಬಿಳಿಯ ನಡುನಡುವೆ ಕಪ್ಪು ಪಟ್ಟಿಗಳು ಉಳಿದಿರುತ್ತವೆ, ನಮ್ಮ ಕಡಲ ಬದಿಯ ಒದ್ದೆ ಮರಳಿನ ಹಾಗೆ.

ನಮ್ಮದು ಕಾಪುವಿನ ತೆಂಕಿಗಿರುವ ಒಂದು ಕಡಲ ಬದಿಯ ಊರು. ಬಾಪ ಸೈಕಲ್ಲಿನಲ್ಲಿ ಮೀನು ಮಾರುತ್ತಿದ್ದರು. ಕಡಲು ಇಳಿದ ಹೊತ್ತು ನೋಡಿ ಅವರು ರಸ್ತೆ ಬಿಟ್ಟು ಹೊಯಿಗೆಯ ಮೇಲೆಯೇ ಸೈಕಲ್ ಓಡಿಸುತ್ತಿದ್ದರು. ನೀರು ಹಿಂದೆ ಸರಿದ ಕಪ್ಪು ಹೊಯಿಗೆ ಡಾಮರಿನಷ್ಟು ಗಟ್ಟಿ. ಮೇಲಿನ ಬಿಳಿ ಹೊಯಿಗೆಗೆ ಬಂದರೆ ಚಕ್ರ ಹೂತುಹೋಗುತ್ತದೆ. ಇದನ್ನು ನಮಗೆ ಯಾರೂ ಕಲಿಸಿದ್ದಲ್ಲ. ನಮ್ಮೂರಿನ ಎಲ್ಲ ಮಕ್ಕಳೂ ಸೈಕಲ್ ಕಲಿತದ್ದು ಆ ಕಪ್ಪು ಹೊಯಿಗೆಯ ಮೇಲೆ. ತಮ್ಮನನ್ನು ಸೀಟಿನ ಮೇಲೆ ಕೂರಿಸಿ ಹಿಂದಿನಿಂದ ಹಿಡಿದು ಓಡಿದವನು ನಾನೇ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು. ನಮ್ಮ ಬ್ಯಾರಿ ಮನೆಗಳಲ್ಲಿ ಅಣ್ಣನನ್ನು ಕಾಕ ಎನ್ನುತ್ತಾರೆ. ಅವನು ನನ್ನನ್ನು ಹಾಗೇ ಕರೆಯುತ್ತಿದ್ದ. ನಾವು ಆಡಿದ್ದೆಲ್ಲ ಬ್ಯಾರಿ ಮಾತಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬುರೈದಾದಲ್ಲಿ ನಾನು ಕೆಲಸಕ್ಕಿರುವುದು ನಮ್ಮ ಕರಾವಳಿಯವರೇ ನಡೆಸುವ ಒಂದು ದಿನಸಿ ಸಗಟು ಅಂಗಡಿಯಲ್ಲಿ. ಕಾಗದದಲ್ಲಿ ಅಂಗಡಿ ಕಫೀಲನದು, ಅಂದರೆ ನಮ್ಮ ವೀಸಾದ ಹೊಣೆ ಹೊತ್ತ ಅರಬನದು, ವ್ಯವಹಾರವೆಲ್ಲ ನಮ್ಮ ಧಣಿಯದು. ಸರೋವರದ ಸುತ್ತಲಿನ ತೋಟಗಳಿಗೆ, ಕೆಲಸದವರ ಶಿಬಿರಗಳಿಗೆ ಅಕ್ಕಿ, ಎಣ್ಣೆ, ಹಾಲು, ಕೋಳಿ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ರಸ್ತೆ ಸರೋವರಕ್ಕೆ ಸುತ್ತು ಹಾಕಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಯಾರೂ ಹಾಗೆ ಸುತ್ತುವುದಿಲ್ಲ, ನೆಲದ ಮೇಲೆ ಹಳೆಯ ಚಕ್ರದ ಗುರುತು ಹಿಡಿದು ನಡುವಿನಿಂದಲೇ ದಾಟುತ್ತಾರೆ. ನಾನೂ ದಾಟುತ್ತಿದ್ದೆ.

ಧಣಿ ನನ್ನನ್ನು ಗಲ್ಲೆಯ ಕೆಲಸಕ್ಕೆ ಕೂರಿಸಿದಾಗ ಗಾಡಿಗೆ ಒಬ್ಬ ಬೇಕಾಯಿತು. ನಾನು ತಮ್ಮನನ್ನು ಕರೆಸಿದೆ. ಅವನು ಊರಿನಲ್ಲಿ ಟೆಂಪೊ ಓಡಿಸುತ್ತಿದ್ದ. ಒಳ್ಳೆಯ ಕೈ. ಅವನ ಗಾಡಿಯಲ್ಲಿ ಮೊಟ್ಟೆಯ ಟ್ರೇ ಇಟ್ಟರೂ ಒಡೆಯುತ್ತಿರಲಿಲ್ಲ. ಇಲ್ಲಿಯ ಲೈಸೆನ್ಸ್, ಇಲ್ಲಿರಲು ಬೇಕಾದ ಇಕಾಮಾ ಚೀಟಿ ಎಲ್ಲ ಆದ ಮೇಲೆ ಒಂದು ದಿನ ಪಕ್ಕದಲ್ಲಿ ಕೂತು ದಾರಿ ತೋರಿಸಿದೆ. ಆಗ ಬೇಸಿಗೆ, ನೆಲ ಎಲ್ಲ ಕಡೆ ಗಟ್ಟಿಯಾಗಿತ್ತು. ನಡುವಿನಲ್ಲಿ ಗುರುತುಗಳು ಕವಲೊಡೆಯುವಲ್ಲಿ ಅವನು ಗಾಡಿ ನಿಧಾನ ಮಾಡಿದ.

"ಇಲ್ಲಿ ಯಾವ ಕಡೆ ಕಾಕ?"

"ಅಷ್ಟೂ ಗೊತ್ತಾಗುದಿಲ್ವಾ ಮಾರಾಯ? ನಮ್ಮ ಕಡಲ ಬದಿಯ ಹಾಗೇ. ಸಂಶಯ ಬಂದ್ರೆ ಕಪ್ಪು ಕಂಡಲ್ಲಿ ಹೋಗು. ಕಪ್ಪು ನೆಲ ಗಟ್ಟಿ."

ಅವನು ನಕ್ಕು ತಲೆಯಾಡಿಸಿದ. ಆ ದಿನ ನಾನು ಹೇಳಿದ್ದನ್ನು ನಾನೇ ನಂಬಿದ್ದೆ. ಅಲ್ಲಿಯವರೆಗೆ ಮಳೆಯ ನಂತರ ಎಂದೂ ಅಲ್ಲಿ ದಾಟಿದವನಲ್ಲ. ತಿಳಿಯದೆ ಹೇಳಿದ ಮಾತು ಅದು, ಅದನ್ನು ನಾನು ತಪ್ಪು ಎಂದು ಲೆಕ್ಕ ಹಿಡಿದಿಲ್ಲ. ತಪ್ಪು ಮಾಡಿದ್ದು ಆಮೇಲೆ.

ಆ ಚಳಿಗಾಲದಲ್ಲಿ ಮಳೆ ಬಂದು ಹೋಗಿ, ನೀರು ಆರಿ, ನೆಲ ಮತ್ತೆ ಬೆಳ್ಳಗಾಗಿತ್ತು. ತಮ್ಮನಿಗೆ ಜ್ವರ. ಅವನ ಬದಲು ನಾನು ಗಾಡಿ ತೆಗೆದುಕೊಂಡು ಹೋದೆ. ಮಳೆಯ ಮೇಲೆ ಸುತ್ತಿನ ರಸ್ತೆಯಲ್ಲೇ ಹೋಗಬೇಕು ಎಂದು ಧಣಿ ನನಗೆ ಒಮ್ಮೆ ಹೇಳಿದ್ದರು. ತಡವಾಗಿದೆ ಎಂದು ನಾನು ಗಾಡಿಯನ್ನು ಉಪ್ಪಿನ ನೆಲಕ್ಕೆ ಇಳಿಸಿಯೇ ಬಿಟ್ಟೆ. ನಡುವಿಗೆ ಬಂದಾಗ ಬಿಳಿ ನೆಲ ಚಕ್ರದಡಿ ಕರಕರ ಎಂದಿತು. ಹೆದರಿ, ಬಲಕ್ಕೆ ಕಂಡ ಕಪ್ಪು ಪಟ್ಟಿಗೆ ಗಾಡಿ ತಿರುಗಿಸಿದೆ. ಚಕ್ರ ಅರ್ಧ ಒಳಗೆ ಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಇಳಿಯಿತು. ಅಲ್ಲಿ ಕಪ್ಪಾಗಿ ಕಾಣುವುದು ಅಡಿಯಿಂದ ಉಪ್ಪುನೀರು ಇನ್ನೂ ಏಳುತ್ತಿರುವ ಜಾಗ. ನಮ್ಮ ಊರಿನಲ್ಲಿ ಕಡಲು ಮೇಲಿನಿಂದ ಬಂದು ಹೊಯಿಗೆಯನ್ನು ಅದುಮಿ ಹೋಗುತ್ತದೆ, ಇಲ್ಲಿ ನೀರು ಕೆಳಗಿನಿಂದ ಬಂದು ಮಣ್ಣನ್ನು ಸಡಿಲಿಸುತ್ತದೆ. ಇದು ನನಗೆ ಅರ್ಥವಾದದ್ದು ಮೊಣಕಾಲವರೆಗೆ ಕೆಸರಿನಲ್ಲಿ ನಿಂತಾಗ.

ಅಂಚಿನ ತೋಟವೊಂದರ ಸುಡಾನಿ ಟ್ರಾಕ್ಟರ್ ಚಾಲಕ ದೂರದಿಂದ ನೋಡಿ ಬಂದ. ಉದ್ದ ಸರಪಳಿ ಕಟ್ಟಿ ಎಳೆದು ಹಾಕಿದ. ದುಡ್ಡು ಕೊಡಹೋದರೆ ಬೇಡವೆಂದು ಕೈಯಾಡಿಸಿ, ತನ್ನ ಫೋನ್ ನಂಬರು ಕೊಟ್ಟ. ಮುಂದಿನ ಸಲ ಹೂತುಹೋಗುವ ಮೊದಲೇ ಫೋನ್ ಮಾಡು ಎಂದು ತಮಾಷೆ ಮಾಡಿದ.

ಗಾಡಿಯನ್ನು ಉನೈಝಾದಲ್ಲಿ ಅಡಿಯೆಲ್ಲ ತೊಳೆಸಿ ಬುರೈದಾಕ್ಕೆ ತಂದೆ. ರೂಮಿಗೆ ಬಂದಾಗ ತಮ್ಮ ಕಂಬಳಿ ಹೊದ್ದು ಗಂಜಿ ಕುಡಿಯುತ್ತಿದ್ದ.

"ದಾರಿ ಹೇಗುಂಟು ಕಾಕ? ಮಳೆ ಬಂದಿತ್ತಲ್ಲ."

"ಎಂತ ಆಗ್ಲಿಲ್ಲ. ಒಣಗಿದೆ," ಎಂದೆ.

ನನ್ನ ತಪ್ಪು ಈ ಎರಡು ಮಾತು. ಏಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹಿಂದಿನ ವಾರವಷ್ಟೇ ಗಾಡಿಯ ಕನ್ನಡಿಗೆ ಗೀರು ಬಿದ್ದದ್ದಕ್ಕೆ ಅವನಿಗೆ ಉದ್ದ ಭಾಷಣ ಮಾಡಿದ್ದೆ. ಈಗ ನಾನೇ ಗಾಡಿ ಹೂತೆ ಎಂದು ಹೇಳಲು ನಾಲಿಗೆ ಬರಲಿಲ್ಲ. ಜ್ವರ ಇಳಿಯಲಿ, ಆಮೇಲೆ ಹೇಳುವ ಎಂದುಕೊಂಡೆ. ಜ್ವರ ಇಳಿಯಿತು. ಅವನು ಮತ್ತೆ ಗಾಡಿ ಹತ್ತಿದ. ಒಂದು ದಿನ ಹೋಗಿ ಬಂದ, ಎರಡು ದಿನ ಹೋಗಿ ಬಂದ. ಅವನೇ ನೋಡಿಕೊಂಡು ಸುತ್ತಿನ ರಸ್ತೆಯಲ್ಲಿ ಹೋಗುತ್ತಿರಬೇಕು ಎಂದು ನನ್ನನ್ನು ಸಮಾಧಾನಪಡಿಸಿಕೊಂಡೆ. ಕೇಳಲಿಲ್ಲ. ಕೇಳಿದರೆ ಹೇಳಬೇಕಾಗುತ್ತಿತ್ತು.

ಮೂರನೇ ದಿನ, ಮಧ್ಯಾಹ್ನ ಕಳೆದ ಮೇಲಿನ ಅಸರ್ ನಮಾಜು ಮುಗಿಸಿ ಗಲ್ಲೆಗೆ ಬಂದಿದ್ದೆ. ಫೋನ್ ಬಂತು.

"ಕಾಕ, ಗಾಡಿ ಕೂತಿದೆ. ನಡುವಿನಲ್ಲಿ. ನೀವು ಹೇಳಿದ ಹಾಗೆ ಕಪ್ಪಿನಲ್ಲೇ ಹೋದದ್ದು ನಾನು."

ಅವನ ದನಿಯಲ್ಲಿ ದೂರು ಇರಲಿಲ್ಲ. ತಾನೆಲ್ಲಿ ತಪ್ಪಿದೆ ಎಂದು ಅವನೇ ಹುಡುಕುತ್ತಿದ್ದ.

ಧಣಿ ಪಕ್ಕದಲ್ಲೇ ಇದ್ದರು. ಗಾಡಿಯ ಹತ್ತಿರವೇ ಇರು, ಯಾರನ್ನಾದರೂ ಕಳಿಸುತ್ತೇನೆ ಎಂದೆ. ನನ್ನ ಫೋನಿನಲ್ಲಿ ಆ ಟ್ರಾಕ್ಟರ್ ಚಾಲಕನ ನಂಬರು ಇತ್ತು. ಬೆರಳು ಅದರ ಮೇಲೆ ಹೋಗಿ ನಿಂತಿತು. ಅವನು ಬಂದರೆ ಏನು ಹೇಳುತ್ತಾನೆ ಎಂದು ಗೊತ್ತಿತ್ತು. ಮತ್ತೆ ನೀವೇನಾ, ಅದೇ ಗಾಡಿಯಾ, ಅದೇ ಜಾಗವಾ ಎನ್ನುತ್ತಾನೆ. ನಾನು ಉನೈಝಾದ ಒಬ್ಬ ಗಾಡಿ ಎಳೆಯುವವನಿಗೆ ಫೋನ್ ಮಾಡಿದೆ. ಅವನು ಬಹಳ ಹೊತ್ತಿನ ಮೇಲೆ ರಸ್ತೆಯ ಅಂಚಿಗೆ ಬಂದು, ಒಳಗೆ ನೋಡಿ, ನನ್ನ ಲಾರಿಯನ್ನೂ ಹೂಳಲೇ ಎಂದು ಬೈದು ಹಿಂದಿರುಗಿದ.

ಅಷ್ಟರಲ್ಲಿ ತಮ್ಮ ಸುಮ್ಮನೆ ಕೂತಿರಲಿಲ್ಲ. ಬಾಗಿಲ ಅಡಿಯಿಂದ ಉಪ್ಪುನೀರು ಒಳಗೆ ಬರುತ್ತಿತ್ತು. ಸಾಮಾನು ಹಾಳಾಗುತ್ತದೆ ಎಂದು ಒಂದೊಂದೇ ಪೆಟ್ಟಿಗೆ, ಒಂದೊಂದೇ ಚೀಲ ಹೊತ್ತು ಗಟ್ಟಿ ಹಲಗೆಗಳಿದ್ದ ಕಡೆ ಇಟ್ಟು ಬಂದ. ಚಪ್ಪಲಿ ಕೆಸರಿನಲ್ಲೇ ಉಳಿದಿತ್ತು. ಬರಿಗಾಲಿನಲ್ಲಿ, ಆ ಗಾಜಿನಂಥ ಅಂಚುಗಳ ಮೇಲೆ ಹೋಗಿ ಬಂದು, ಹೋಗಿ ಬಂದು. ಅವನಿಗೆ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶ ಕಡಿಮೆ. ಕೊಯ್ದದ್ದು ಅವನಿಗೆ ತಿಳಿಯಲೇ ಇಲ್ಲ.

ಬಿಸಿಲು ಹಳದಿಯಾದ ಮೇಲೆ ನಾನು ಟ್ರಾಕ್ಟರಿನವನಿಗೆ ಫೋನ್ ಮಾಡಿದೆ. ಅವನು ಕೂಡಲೇ ಬಂದ. ನಾನು ಇನ್ನೊಂದು ಗಾಡಿ ಹಿಡಿದು ತಲಪುವಾಗ ನಮ್ಮ ಗಾಡಿ ಹೊರಗೆ ಬಂದಿತ್ತು, ಟ್ರಾಕ್ಟರಿನವನು ಹೋಗಿ ಆಗಿತ್ತು. ಹಾಲಿನ ಪೆಟ್ಟಿಗೆಗಳು ಉಪ್ಪಿನ ಮೇಲೆ ಅಂಗಡಿಯಲ್ಲಿ ಜೋಡಿಸಿದ ಹಾಗೆ ಸಾಲಾಗಿದ್ದವು. ತಮ್ಮ ಅದರ ಪಕ್ಕ ಕೂತಿದ್ದ. ಅವನಿಂದ ಗಾಡಿಯವರೆಗೆ ಬಿಳಿ ನೆಲದಲ್ಲಿ ಕೆಂಪು ಹೆಜ್ಜೆಗಳು. ನನ್ನನ್ನು ನೋಡಿ, "ಮೊಟ್ಟೆ ಒಂದೂ ಒಡೀಲಿಲ್ಲ ಕಾಕ," ಎಂದ.

ಮರುದಿನ ಧಣಿ ನಮ್ಮಿಬ್ಬರನ್ನೂ ಕರೆದರು. ಗಾಡಿಯ ಇಂಜಿನಿಗೆ ಉಪ್ಪು ಹೋಗಿತ್ತು. ಕಫೀಲ್ ಸಿಟ್ಟಾಗಿದ್ದ. ಅಂಗಡಿಯ ಉಳಿದವರೂ ಬಾಗಿಲಲ್ಲಿ ನಿಂತಿದ್ದರು. ಮಳೆಯ ಮೇಲೆ ಅಲ್ಲಿ ಹೋಗಬಾರದೆಂದು ನಿನಗೆ ಯಾರೂ ಹೇಳಿರಲಿಲ್ಲವೇ ಎಂದು ಧಣಿ ಅವನನ್ನು ಕೇಳಿದರು.

ತಮ್ಮ ನನ್ನ ಮುಖ ನೋಡಿದ.

ನಮ್ಮ ಕಡೆ ಒಂದು ರೂಢಿ ಇದೆ. ಮನೆಯ ಹುಡುಗನಿಗೆ ಹೊರಗಿನವರು ಬೈಯಲು ಹೊರಟರೆ, ಮನೆಯ ಹಿರಿಯ ಅವರಿಗಿಂತ ಮೊದಲು, ಅವರಿಗಿಂತ ಜೋರಾಗಿ ಬೈಯುತ್ತಾನೆ. ಆಗ ಹೊರಗಿನವರ ಸಿಟ್ಟು ಇಳಿಯುತ್ತದೆ, ಸಾಕು ಬಿಡಿ ಎಂದು ಅವರೇ ತಡೆಯುತ್ತಾರೆ. ಬಾಪ ನನಗಾಗಿ ಎಷ್ಟೋ ಸಲ ಹಾಗೆ ಮಾಡಿದ್ದರು. ಬೈಸಿಕೊಂಡವನಿಗೂ ಗೊತ್ತಿರುತ್ತದೆ, ಇದು ತನ್ನನ್ನು ಉಳಿಸಲು ಎಂದು. ನಾನೂ ಹಾಗೇ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ.

"ಎಷ್ಟು ಸಲ ಹೇಳಿದ್ದೇನೆ ಇವನಿಗೆ," ಎಂದೆ. "ತಲೆಯಲ್ಲಿ ಎಂತ ಉಂಟು ನಿಂಗೆ? ಮಣ್ಣಾ? ನನ್ನ ಮರ್ಯಾದೆ ತೆಗ್ದಿಯಲ್ಲ."

ಧಣಿ ಸಾಕು ಬಿಡು ಎಂದರು. ಬಾಗಿಲಲ್ಲಿದ್ದವರು ತಲೆ ತಗ್ಗಿಸಿದರು. ತಮ್ಮ ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಿದ್ದು, ಆಮೇಲೆ ಧಣಿಯ ಕಡೆ ತಿರುಗಿ, ತಪ್ಪಾಯಿತು ಎಂದ. ಬಾಪ ಬೈಯುವಾಗ ಸುಳ್ಳು ಸೇರಿಸುತ್ತಿರಲಿಲ್ಲ. ಅವರು ನಿಜವಾಗಿ ಹೇಳಿದ್ದನ್ನಷ್ಟೇ ಹೇಳಿದ್ದೇನೆ ಎನ್ನುತ್ತಿದ್ದರು, ಹೇಳದ್ದನ್ನು ಅಲ್ಲ. ಈ ವ್ಯತ್ಯಾಸ ನನಗೆ ಅಲ್ಲಿಯೇ ತಿಳಿದಿತ್ತು.

ಗಾಯ ಒಣಗಲಿಲ್ಲ. ಬುರೈದಾದ ಆಸ್ಪತ್ರೆಯಲ್ಲಿ ಬಲಗಾಲಿನ ಎರಡು ಬೆರಳು ತೆಗೆದರು. ಗಾಡಿ ಓಡಿಸಲು ಆಗುತ್ತದೆ, ಕೆಲವು ತಿಂಗಳು ಬೇಕು ಎಂದು ಡಾಕ್ಟರು ಹೇಳಿದರು. ಧಣಿ ಕೆಟ್ಟವರಲ್ಲ, ಆದರೆ ಹೇಳಿದ್ದನ್ನು ಕೇಳದವನು ಮತ್ತೆ ಗಾಡಿ ಹತ್ತುವುದು ಬೇಡ ಎಂದರು. ಅವನನ್ನು ಊರಿಗೆ ಕಳಿಸುವುದೆಂದಾಯಿತು. ಹೊರಡುವ ದಿನ ನಾನು ಅವನ ಬ್ಯಾಗು ಕಟ್ಟುತ್ತಿದ್ದೆ. ಇಲ್ಲಿ ಬಂದ ಮೇಲೆ ಅವನು ಆಸೆಪಟ್ಟು ಕೊಂಡ ಒಂದು ಜೊತೆ ಬೂಟು ಇತ್ತು. ಅದನ್ನು ಬ್ಯಾಗಿನಿಂದ ಹೊರಗೆ ತೆಗೆದು ಮಂಚದ ಕೆಳಗೆ ಸರಿಸಿದ. "ನಿಮ್ಗೆ ಆಗ್ತದೆ ಕಾಕ, ಇಟ್ಕೊಳ್ಳಿ," ಎಂದ. ನಾನು ಅದನ್ನು ಹಾಕಿಲ್ಲ. ಬೇರೆಯವರಿಗೆ ಕೊಡಲೂ ಆಗಿಲ್ಲ.

ಅವನಿಗಿಂತ ಮೊದಲು ಸುದ್ದಿ ಊರು ಮುಟ್ಟಿತ್ತು. ನಮ್ಮ ಅಂಗಡಿಯಲ್ಲಿ ಊರಿನವರೇ ನಾಲ್ಕಾರು ಮಂದಿ. ಅಣ್ಣ ಎಷ್ಟು ಹೇಳಿದರೂ ಕೇಳದೆ ಗಾಡಿಯನ್ನು ಉಪ್ಪಿನಲ್ಲಿ ಇಳಿಸಿದವನು ಎಂದು ಅವನಿಗೆ ಹೆಸರು ಬಂತು. ಕೆಲಸ ಮಾಡುವಾಗ ನಿದ್ದೆ ಹೋಗಿದ್ದನಂತೆ ಎಂದು ಯಾರೋ ಸೇರಿಸಿದರು. ಟೆಂಪೊದವರು ಮತ್ತೆ ಕರೆಯಲಿಲ್ಲ. ಈಗ ಅವನು ಮೀನಿನ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಬೋಟುಗಳಿಗೆ ಚೀಟಿ ಕೊಡುತ್ತಾನೆ. ಒದ್ದೆ ನೆಲ, ತಂಪು. ಕಾಲಿಗೆ ಒಳ್ಳೆಯದಲ್ಲ. ನನಗೆ ಫೋನ್ ಮಾಡುವಾಗ ಹಬ್ಬದ ವಿಷಯ, ಮಕ್ಕಳ ವಿಷಯ ಮಾತಾಡುತ್ತಿದ್ದ. ಸರೋವರದ ಮಾತು ಒಮ್ಮೆಯೂ ತೆಗೆಯಲಿಲ್ಲ. ಅವನು ಮರೆತಿದ್ದಾನೆ ಎಂದು ಅಂದುಕೊಳ್ಳಲು ನನಗೆ ಸುಲಭವಾಯಿತು.

ಕಳೆದ ವರ್ಷ ಊರಿನ ಶಾಲೆಯ ವ್ಯಾನಿಗೆ ಚಾಲಕ ಬೇಕಾಗಿತ್ತು. ಅವನು ಹೋಗಿ ಕೇಳಿದ. ಓಡಿಸಿ ತೋರಿಸಿದ. ಓಡಿಸಿದ್ದು ಚೆನ್ನಾಗಿಯೇ ಇತ್ತಂತೆ. ಆದರೆ ಕೂತಿದ್ದ ಹಿರಿಯರಲ್ಲಿ ಒಬ್ಬರು, "ಬೇಡಪ್ಪ, ಅಣ್ಣನ ಮಾತೇ ಕೇಳದವ. ನಮ್ಮ ಮಕ್ಕಳನ್ನು ಎಲ್ಲಿ ಇಳಿಸ್ತಾನೋ," ಎಂದರಂತೆ. ಎಲ್ಲರೂ ನಕ್ಕರಂತೆ. ಅವನ ಮಗ ಹೊರಗೆ ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದ. ಇದನ್ನು ತಮ್ಮ ನನಗೆ ಹೇಳಲಿಲ್ಲ, ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದಳು. ಅಣ್ಣನ ಮಾತು ಕೇಳದವ. ಅಣ್ಣನ ಮಾತು ಕೇಳಿಯೇ ಅವನು ಅಲ್ಲಿಗೆ ಹೋದದ್ದು.

ಶುಕ್ರವಾರ ಜುಮಾ ಆದ ಮೇಲೆ ಬುರೈದಾದಲ್ಲಿ ನಮ್ಮೂರಿನವರೆಲ್ಲ ಒಂದು ರೂಮಿನಲ್ಲಿ ಸೇರುತ್ತೇವೆ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಊಟ. ಈ ಮಾತು ಕೇಳಿದ ಮೇಲಿನ ಒಂದು ಶುಕ್ರವಾರ ಧಣಿಯೂ ಬಂದಿದ್ದರು. ಊಟ ಮುಗಿದು ಚಹಾ ಬರುವ ಹೊತ್ತಿಗೆ ನಾನು ಹೇಳಿಬಿಟ್ಟೆ. ಕಪ್ಪು ನೆಲದಲ್ಲಿ ಹೋಗು ಎಂದು ಕಲಿಸಿದವನು ನಾನು, ಅವನಿಗಿಂತ ಮೊದಲು ಅಲ್ಲಿಯೇ ಹೂತವನು ನಾನು, ಅಡಗಿಸಿದವನು ನಾನು, ನಂಬರು ಇದ್ದೂ ಫೋನ್ ಮಾಡದವನು ನಾನು ಎಂದೆ. ಅಳು ಬರಬಹುದೆಂದು ಹೆದರಿದ್ದೆ. ಬರಲಿಲ್ಲ.

ಯಾರೂ ಬೈಯಲಿಲ್ಲ. ಅದು ಕಷ್ಟವಾಯಿತು. ಆಗಿ ಹೋದದ್ದು ಬಿಡಿ ಎಂದು ಒಬ್ಬ ಹೇಳಿದ. ಇನ್ನೊಬ್ಬ ನನ್ನ ಬೆನ್ನು ತಟ್ಟಿದ. ಇಷ್ಟು ಜನರ ಎದುರು ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು ಎಂದು ನನ್ನನ್ನೇ ಹೊಗಳಿದ. ಧಣಿ ಮಾತ್ರ ಲೋಟ ಕೆಳಗಿಟ್ಟು, "ಇಷ್ಟು ವರ್ಷ ನನ್ನ ಗಲ್ಲೆಯಲ್ಲಿ ಕೂತು ನನ್ನ ಮುಖ ಹೇಗೆ ನೋಡ್ತಿದ್ದೆ ಮಾರಾಯ ನೀನು?" ಎಂದು ಕೇಳಿದರು.

ಸಂಜೆಯ ಮಗ್ರಿಬ್ ನಮಾಜಿಗೆ ಮೊದಲೇ ತಮ್ಮನ ಫೋನ್ ಬಂತು. ಆ ರೂಮಿನಿಂದ ಯಾರೋ ಊರಿಗೆ ಹೇಳಿ ಆಗಿತ್ತು. ಅವನಿಗೆ ಸಂತೋಷವಾಗಿರಬಹುದು ಎಂಬ ಆಸೆ ನನಗಿತ್ತು ಎಂದು ನಾಚಿಕೆಯಿಂದ ಬರೆಯುತ್ತೇನೆ.

"ಅವರಲ್ಲಿ ಎಲ್ಲ ಹೇಳಿದ್ರಂತೆ."

"ಹೌದು."

"ನನ್ನಲ್ಲಿ ಹೇಳ್ಲಿಲ್ಲ."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನನಗೆ ಅವತ್ತೇ ಗೊತ್ತು ಕಾಕ. ಟ್ರಾಕ್ಟರಿನವ ಗಾಡಿ ನೋಡಿದ ಕೂಡ್ಲೇ ಹೇಳಿದ, ಇದೇ ಗಾಡಿಯನ್ನು ಮೊನ್ನೆಯೂ ಎಳ್ದಿದ್ದೆ ಅಂತ. ಮರುದಿನ ಧಣಿಯ ಎದುರು ನೀವು ಹೇಳ್ತೀರಿ ಅಂತ ಕಾದೆ."

ಅವನು ಕಾದಿದ್ದ. ನಾನು ಅವನ ನೋಟವನ್ನು ಭಯ ಎಂದು ತಿಳಿದಿದ್ದೆ. ಕ್ಷಮಿಸು ಎಂದೆ. ಆ ಮಾತು ಫೋನಿನಲ್ಲಿ ಬಹಳ ಚಿಕ್ಕದಾಗಿ ಕೇಳಿತು. ಅವನ ಹಿಂದಿನಿಂದ ಬೋಟಿನ ಸದ್ದು, ಐಸ್ ಪುಡಿಮಾಡುವ ಯಂತ್ರದ ಸದ್ದು ಬರುತ್ತಿತ್ತು.

"ಈಗ ಊರವರು ಎಂತ ಹೇಳ್ತಾರೆ ಗೊತ್ತುಂಟಾ? ಅಣ್ಣನಿಗೆ ಹೆದ್ರಿ ಬಾಯಿ ಮುಚ್ಚಿದವ ಅಂತ. ಮೊದ್ಲು ಮಾತು ಕೇಳದವ, ಈಗ ಬಾಯಿ ಇಲ್ಲದವ. ನೀವು ಅಲ್ಲಿ ಹೇಳಿ ಹಗುರ ಆದ್ರಿ."

"ನಾನೇನು ಮಾಡ್ಬೇಕು, ಹೇಳು."

"ಬನ್ನಿ. ನನ್ನ ಮಗ ಆ ಕಿಟಕಿಯ ಹತ್ತಿರ ನಿಂತಿದ್ದ. ಅವನ ಎದುರು ಕೂತು ಹೇಳಿ. ಫೋನಿನಲ್ಲಿ ಬೇಡ."

ಅವನು ಫೋನ್ ಇಟ್ಟ. ಆಮೇಲೆ ನಾನು ಮಾಡಿದಾಗಲೆಲ್ಲ ಅವನ ಹೆಂಡತಿ ಎತ್ತುತ್ತಾಳೆ, ಕೆಲಸಕ್ಕೆ ಹೋಗಿದ್ದಾರೆ ಎನ್ನುತ್ತಾಳೆ. ಧಣಿಯ ಹತ್ತಿರ ರಜೆ ಕೇಳಿದ್ದೇನೆ. ಬದಲಿ ಜನ ಸಿಕ್ಕ ಕೂಡಲೇ ಹೋಗು ಎಂದಿದ್ದಾರೆ.

ಆ ಹುಡುಗನಿಗೆ ಈಗ ಹನ್ನೆರಡು ವರ್ಷ. ಅವನ ಎದುರು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಇದನ್ನೆಲ್ಲ ಬರೆದು ನೋಡಿದೆ. ಬರೆಯುವಾಗ ಸರೋವರದ ವಿಷಯವೇ ಉದ್ದವಾಯಿತು, ನೆಲ, ನೀರು, ಉಪ್ಪು ಎಂದು. ಅವನಿಗೆ ಅದೆಲ್ಲ ಬೇಕಾಗಿಲ್ಲ. ನಿನ್ನ ಬಾಪ ನನ್ನ ಮಾತು ಕೇಳಿದ್ದ ಎಂದು ಹೇಳಿದರೆ ಸಾಕು. ಅದನ್ನು ಹೇಳುವಾಗ ತಮ್ಮ ಪಕ್ಕದಲ್ಲಿ ಇರುತ್ತಾನೋ, ಎದ್ದು ಹೊರಗೆ ಹೋಗುತ್ತಾನೋ ನನಗೆ ಗೊತ್ತಿಲ್ಲ.